ಸಕ್ಕರೆಯನ್ನು ಕಡಮೆ ಮಾಡಿದವರು

ಸಂಕ್ರಾಂತಿಯ ದಿನ ನಿಮ್ಮ ಮನೆಗೆ ಎಳ್ಳು ಬೀರಲು ಬರುವ ಮಕ್ಕಳ ತಟ್ಟೆಯಲ್ಲಿ ಸಕ್ಕರೆ ಅಚ್ಚುಗಳಿರುತ್ತವೆಯಷ್ಟೆ. ಆನೆ, ಕುದುರೆ, ನವಿಲು, ತುಳಸಿಕಟ್ಟೆ, ಹೀಗೆ ಅವುಗಳಿಗೆ ಹಲವು ರೂಪ. ಅಚ್ಚನ್ನು ಕೈಯಲ್ಲಿ ಹಿಡಿದ ಮಗುವಿಗೆ ಅದು ಬಾಯಿಗೆ ಹಾಕಿಕೊಳ್ಳುವ ಆಟಿಕೆ. ನನ್ನಂಥ ಕನ್ನಡ ಉಪಾಧ್ಯಾಯನಿಗಾದರೋ ಅದು ಮೊದಲು ಒಂದು ಶಬ್ದ. ತತ್ಸಮ ತದ್ಭವಗಳ ಪಾಠ ಬಂದಾಗ ‘ಶರ್ಕರಾ’ ‘ಸಕ್ಕರೆ’ಯಾದುದನ್ನು ನಾನು ತಪ್ಪದೆ ಉದಾಹರಿಸುತ್ತೇನೆ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ಹರಳು, ಸಣ್ಣ ಕಲ್ಲು ಎಂಬ ಅರ್ಥವೂ ಇದೆ. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ನಮ್ಮ ದೇಶದಿಂದ ಪಶ್ಚಿಮಕ್ಕೆ ನಡೆದಾಗ ಶಬ್ದವೂ ಅದರ ಬೆನ್ನು ಹತ್ತಿ ಹೋಯಿತು. ಅದೇ ಪಾರಸಿಯಲ್ಲಿ ‘ಶಕರ್’, ಅರಬ್ಬಿಯಲ್ಲಿ ‘ಸುಕ್ಕರ್’, ಇಂಗ್ಲಿಷಿನಲ್ಲಿ ‘ಶುಗರ್’ ಆಯಿತು. ನಮ್ಮ ‘ಖಂಡ’ ಅವರಲ್ಲಿ ‘ಕ್ಯಾಂಡಿ’ ಎನಿಸಿಕೊಂಡಿತು.

ಶಬ್ದದ ಜಾಡು ಹಿಡಿದು ಹೊರಟವನು ಪದಾರ್ಥದ ಚರಿತ್ರೆಗೆ ಇಳಿದುದಕ್ಕೆ ಒಂದು ಮನೆಯ ಕಾರಣವುಂಟು. ಮೂರು ವರ್ಷಗಳ ಹಿಂದೆ ವೈದ್ಯರು ನನ್ನ ರಕ್ತವನ್ನು ಪರೀಕ್ಷೆ ಮಾಡಿಸಿ, “ಮೇಷ್ಟ್ರೇ, ಇನ್ನು ಮೇಲೆ ಸಕ್ಕರೆಯನ್ನು ಕಡಮೆ ಮಾಡಿ” ಎಂದರು. ಮೊದಲ ಹದಿನೈದು ದಿನ ಕಾಫಿ ಕಷಾಯದಂತೆ ತೋರಿತು. ಮುಖ ಸಿಂಡರಿಸಿಕೊಂಡು ಕುಡಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಾಲಗೆಯೇ ಬದಲಾಗಿತ್ತು. ನೆಂಟರ ಮನೆಯಲ್ಲಿ ಹಳೆಯ ಪ್ರಮಾಣದ ಸಕ್ಕರೆ ಹಾಕಿ ಕೊಟ್ಟ ಕಾಫಿ ಪಾಯಸದಂತಾಗಿ, ಪೂರ್ತಿ ಕುಡಿಯಲಾರದೆ ಹೋದೆ. ಆಗ ನನಗೊಂದು ಪ್ರಶ್ನೆ ಹುಟ್ಟಿತು. ಒಬ್ಬ ಮನುಷ್ಯ ಸಕ್ಕರೆಯನ್ನು ಕಡಮೆ ಮಾಡಿದರೆ ಏನಾಗುವುದೆಂಬುದನ್ನು ವೈದ್ಯರು ಹೇಳಬಲ್ಲರು. ಒಂದು ದೇಶಕ್ಕೆ ದೇಶವೇ ಕಡಮೆ ಮಾಡಿದರೆ ಏನಾದೀತು? ಇದಕ್ಕೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಬೇಕು. ಹುಡುಕಿದರೆ ಸಿಕ್ಕುತ್ತದೆ. ಇಂಗ್ಲೆಂಡಿನ ಜನ ಎರಡು ಸಲ ಹೀಗೆ ಮಾಡಿದರು. ಒಂದು ಸಲ ಮನಸ್ಸಾಕ್ಷಿಗೆ ಅಂಜಿ, ಇನ್ನೊಂದು ಸಲ ಯುದ್ಧದ ಕಟ್ಟಿಗೆ ಒಳಗಾಗಿ. ಆ ಎರಡು ಕಥೆಗಳನ್ನೂ ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ಕಥೆಗೆ ಸ್ವಲ್ಪ ಹಿನ್ನೆಲೆ ಬೇಕು. ೧೭೦೦ರ ಸುಮಾರಿನಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸರಾಸರಿ ೪ ಪೌಂಡು ಸಕ್ಕರೆ ಖರ್ಚಾಗುತ್ತಿತ್ತು. ನೂರು ವರ್ಷಗಳಲ್ಲಿ ಅದು ೧೮ ಪೌಂಡಿಗೆ ಏರಿತು. ಹಿಂದೆ ಶ್ರೀಮಂತರ ಮನೆಯ ಬೀಗದ ಪೆಟ್ಟಿಗೆಯಲ್ಲಿರುತ್ತಿದ್ದ ವಸ್ತು ಈಗ ಬಡವನ ಚಹಾ ಬಟ್ಟಲಿಗೂ ಬಂದಿತು. ಇಷ್ಟು ಸಕ್ಕರೆ ಎಲ್ಲಿಂದ ಬಂದಿತು? ವೆಸ್ಟ್ ಇಂಡೀಸ್ ದ್ವೀಪಗಳಿಂದ. ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿದವರು ಯಾರು? ಆಫ್ರಿಕದ ತೀರದಲ್ಲಿ ಕೊಳ್ಳಲ್ಪಟ್ಟು, ಹಡಗಿನ ಒಡಲಿನಲ್ಲಿ ಸರಪಳಿಯೊಡನೆ ಸಾಗಿಸಲ್ಪಟ್ಟ ಗುಲಾಮರು. ಕಬ್ಬು ಕಡಿದ ಕೂಡಲೆ ಅರೆಯಬೇಕು, ಅರೆದ ಕೂಡಲೆ ಕಾಯಿಸಬೇಕು. ತಡವಾದರೆ ರಸ ಕೆಡುತ್ತದೆ. ಆದುದರಿಂದ ಸುಗ್ಗಿಯ ಕಾಲದಲ್ಲಿ ಗಾಣವೂ ಒಲೆಯೂ ರಾತ್ರಿಯೆಲ್ಲ ನಡೆಯುತ್ತಿದ್ದುವು. ಆಲೆಮನೆಯನ್ನು ಕಂಡ ನಮ್ಮ ಕಡೆಯವರಿಗೆ ಆ ಕೆಲಸದ ಕಷ್ಟ ಗೊತ್ತು. ಅದನ್ನು ಚಾವಟಿಯ ಕೆಳಗೆ, ಕೂಲಿಯಿಲ್ಲದೆ, ಬಿಡುಗಡೆಯ ಆಸೆಯಿಲ್ಲದೆ ಮಾಡುವುದೆಂದರೆ ಏನೆಂಬುದನ್ನು ಊಹಿಸಿಕೊಳ್ಳಿರಿ.

ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಿಲಿಯಂ ವಿಲ್ಬರ್‌ಫೋರ್ಸ್ ತಂದ ಮಸೂದೆಯನ್ನು ೧೭೯೧ರ ಏಪ್ರಿಲ್‌ನಲ್ಲಿ ಪಾರ್ಲಿಮೆಂಟು ೧೬೩ಕ್ಕೆ ೮೮ ಮತಗಳಿಂದ ತಳ್ಳಿಹಾಕಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಒಂದು ಸಣ್ಣ ಕರಪತ್ರವನ್ನು ಬರೆದನು. ಪಾರ್ಲಿಮೆಂಟು ಮಾಡದಿದ್ದರೆ ನಾವೇ ಮಾಡೋಣ, ಆ ದ್ವೀಪಗಳ ಸಕ್ಕರೆಯನ್ನೂ ರಮ್ಮನ್ನೂ ಬಿಡೋಣ ಎಂಬುದು ಅದರ ತಾತ್ಪರ್ಯ. ಆತ ಒಂದು ಲೆಕ್ಕವನ್ನೂ ಕೊಟ್ಟನು. ವಾರಕ್ಕೆ ೫ ಪೌಂಡು ಸಕ್ಕರೆ ಬಳಸುವ ಒಂದು ಸಂಸಾರ ೨೧ ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯ ಗುಲಾಮಗಿರಿಯಿಂದಲೋ ಮರಣದಿಂದಲೋ ಪಾರಾಗುತ್ತಾನೆ, ಎಂದು. ಲೆಕ್ಕ ಎಷ್ಟು ಕರಾರುವಾಕ್ಕೆಂದು ವಾದಿಸಬಹುದು. ಆದರೆ ಅದರ ಪರಿಣಾಮ ದೊಡ್ಡದಾಯಿತು. ದೂರದ ದ್ವೀಪದ ಪಾಪ ಅಡಿಗೆಮನೆಯ ಡಬ್ಬಿಯೊಳಗೆ ಕಾಣಿಸತೊಡಗಿತು.

ದೇಶವನ್ನು ಸುತ್ತಿಬಂದ ಥಾಮಸ್ ಕ್ಲಾರ್ಕ್‌ಸನ್ನನು ಸುಮಾರು ೩ ಲಕ್ಷ ಜನ ಆ ಸಕ್ಕರೆಯನ್ನು ಬಿಟ್ಟಿದ್ದಾರೆಂದು ಅಂದಾಜು ಮಾಡಿದನು. ಆ ಕಾಲದಲ್ಲಿ ಹೆಂಗಸರಿಗೆ ಓಟಿನ ಹಕ್ಕಿರಲಿಲ್ಲ. ಆದರೆ ಮನೆಗೆ ಏನು ತರಬೇಕು, ಏನು ತರಬಾರದು ಎಂಬುದರಲ್ಲಿ ಅವರ ಮಾತು ನಡೆಯುತ್ತಿತ್ತು. ಪಾರ್ಲಿಮೆಂಟಿನ ಬಾಗಿಲು ಮುಚ್ಚಿದ್ದವರು ಅಡಿಗೆಮನೆಯಿಂದಲೇ ಮತ ಕೊಟ್ಟರು. ಇದನ್ನು ಹಾಸ್ಯ ಮಾಡಿದವರೂ ಇದ್ದರು. ೧೭೯೨ರಲ್ಲಿ ಜೇಮ್ಸ್ ಗಿಲ್ರೇ ಎಂಬ ವ್ಯಂಗ್ಯಚಿತ್ರಕಾರನು ರಾಜ ಮೂರನೆಯ ಜಾರ್ಜನೂ ರಾಣಿಯೂ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿರುವಂತೆಯೂ, ರಾಜಕುಮಾರಿಯರು ಬಟ್ಟಲು ಹಿಡಿದು ಮುಖ ಗಂಟಿಕ್ಕಿಕೊಂಡಿರುವಂತೆಯೂ ಬರೆದನು. ಹಾಸ್ಯಕ್ಕೆ ವಸ್ತುವಾಗಬೇಕಾದರೆ ಆ ಮಾತು ಮನೆಮನೆಗೂ ಮುಟ್ಟಿರಬೇಕಷ್ಟೆ.

೧೮೨೦ರ ದಶಕದಲ್ಲಿ ಈ ವ್ರತ ಮತ್ತೆ ಚಿಗುರಿತು. ಎಲಿಜಬೆತ್ ಹೇರಿಕ್ ಎಂಬ ಮಹಿಳೆ ೧೮೨೪ರಲ್ಲಿ, ಗುಲಾಮಗಿರಿ ಮೆಲ್ಲಮೆಲ್ಲನೆ ಅಲ್ಲ, ಈಗಲೇ ಹೋಗಬೇಕೆಂದು ಬರೆದು, ಸಕ್ಕರೆಯನ್ನು ಬಿಡುವಂತೆ ಜನರನ್ನು ಒತ್ತಾಯಿಸಿದಳು. ಆಗಲೇ ನಮ್ಮ ದೇಶದ ಹೆಸರು ಈ ಕಥೆಯಲ್ಲಿ ಮತ್ತೆ ಬರುವುದು. ಈಸ್ಟ್ ಇಂಡಿಯದ ಸಕ್ಕರೆ ಗುಲಾಮರು ಮಾಡಿದುದಲ್ಲವೆಂದು ಬರೆದ ಪಿಂಗಾಣಿ ಸಕ್ಕರೆ ಬಟ್ಟಲುಗಳು ಇಂಗ್ಲೆಂಡಿನ ಮೇಜುಗಳ ಮೇಲೆ ಕಾಣಿಸಿಕೊಂಡುವು. ಗುಲಾಮರ ವ್ಯಾಪಾರ ೧೮೦೭ರಲ್ಲಿ ನಿಷಿದ್ಧವಾಗಿದ್ದಿತು. ಗುಲಾಮಗಿರಿಯನ್ನೇ ರದ್ದುಮಾಡುವ ಕಾನೂನು ೧೮೩೩ರಲ್ಲಿ ಬಂದಿತು. ಸಕ್ಕರೆಯನ್ನು ಬಿಟ್ಟುದರಿಂದಲೇ ಇದೆಲ್ಲ ಆಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಗುಲಾಮರೇ ಎದ್ದ ದಂಗೆಗಳು, ಸಾವಿರಾರು ಸಹಿಯ ಅರ್ಜಿಗಳು, ಪಾರ್ಲಿಮೆಂಟಿನ ಸುಧಾರಣೆ, ಇವೆಲ್ಲವೂ ಅದಕ್ಕೆ ಕಾರಣ. ಆದರೂ ಅರ್ಜಿಗೆ ಸಹಿ ಹಾಕಿದ ಕೈಗೆ ಬಲ ಕೊಟ್ಟುದು ಸಕ್ಕರೆಯನ್ನು ದೂರ ಸರಿಸಿದ ಅಭ್ಯಾಸ ಎನ್ನಲು ಅಡ್ಡಿಯಿಲ್ಲ.

ಮುಂದೇನಾಯಿತು? ಇಲ್ಲಿ ನಾವು ತಲೆ ತಗ್ಗಿಸಬೇಕಾದ ಭಾಗವಿದೆ. ಗುಲಾಮರ ಒಡೆಯರಿಗೆ ಸರಕಾರ ೨ ಕೋಟಿ ಪೌಂಡು ಪರಿಹಾರ ಕೊಟ್ಟಿತು. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ತೋಟಗಳಿಗೆ ಆಳು ಬೇಕಾದಾಗ ೧೮೩೪ರಿಂದ ಮಾರಿಷಸ್ಸಿಗೆ, ೧೮೩೮ರಿಂದ ಬ್ರಿಟಿಷ್ ಗಯಾನಕ್ಕೆ, ೧೮೬೦ರಿಂದ ನಟಾಲಿಗೆ, ೧೮೭೯ರಿಂದ ಫಿಜಿಗೆ ನಮ್ಮ ಜನರನ್ನೇ ಕರಾರುಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ ಹಡಗು ಹತ್ತಿಸಿದರು. ಆ ಪದ್ಧತಿ ೧೯೧೭ರವರೆಗೆ ನಡೆದು, ಹತ್ತು ಲಕ್ಷಕ್ಕೂ ಮೇಲ್ಪಟ್ಟು ಭಾರತೀಯರು ಹೀಗೆ ಕಡಲು ದಾಟಿದರು. ಅವರಲ್ಲಿ ಬಹುಮಂದಿಗೆ ಕಾದಿದ್ದುದು ಕಬ್ಬಿನ ತೋಟವೇ. ೧೮೪೬ರ ಕಾನೂನಿನಿಂದ ಗುಲಾಮರು ಬೆಳೆದ ಕ್ಯೂಬ, ಬ್ರೆಜಿಲ್‌ಗಳ ಸಕ್ಕರೆಯೂ ಇಂಗ್ಲೆಂಡಿಗೆ ಸುಂಕದ ಅಡ್ಡಿಯಿಲ್ಲದೆ ಬರಲು ದಾರಿಯಾಯಿತು. ಬೆಲೆ ಇಳಿಯಿತು. ವ್ರತ ಮರೆತುಹೋಯಿತು. ೧೮೫೦ರ ಹೊತ್ತಿಗೆ ತಲೆಗೆ ೩೬ ಪೌಂಡು ಆಗಿದ್ದ ಖರ್ಚು ಇಪ್ಪತ್ತನೆಯ ಶತಮಾನದಲ್ಲಿ ನೂರು ಪೌಂಡನ್ನು ಮೀರಿತು. ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಹಿಂದಿನವರಿಗಿಂತ ಐದಾರು ಪಾಲು ಹೆಚ್ಚಾಗಿ ತಿಂದರು.

ಹೀಗೆ ಸಿಹಿಗೆ ಒಗ್ಗಿದ್ದ ಆ ದೇಶಕ್ಕೆ ಯುದ್ಧದ ಕಾಲದಲ್ಲಿ ಪಾಠವಾಯಿತು. ೧೯೧೪ಕ್ಕೆ ಮೊದಲು ಇಂಗ್ಲೆಂಡು ತನ್ನ ಸಕ್ಕರೆಯ ಹೆಚ್ಚಿನ ಪಾಲನ್ನು ಜರ್ಮನಿ, ಆಸ್ಟ್ರಿಯ ಕಡೆಯ ಬೀಟ್‌ರೂಟಿನ ಸಕ್ಕರೆಯಿಂದ ಪಡೆಯುತ್ತಿತ್ತು. ಯುದ್ಧ ಆರಂಭವಾದೊಡನೆ ಸಕ್ಕರೆ ಮಾರುವವನೇ ಶತ್ರುವಾದನು. ಅದನ್ನು ನೆನಪಿನಲ್ಲಿಟ್ಟಿದ್ದ ಸರಕಾರ ಎರಡನೆಯ ಮಹಾಯುದ್ಧ ಬಂದಾಗ ತಡಮಾಡಲಿಲ್ಲ. ೧೯೪೦ರ ಜನವರಿ ೮ರಂದು ಪಡಿತರ ಆರಂಭವಾಯಿತು. ಮೊದಲು ಪಟ್ಟಿಗೆ ಬಂದ ಮೂರು ವಸ್ತುಗಳಲ್ಲಿ ಬೆಣ್ಣೆ, ಹಂದಿಮಾಂಸಗಳೊಡನೆ ಸಕ್ಕರೆಯೂ ಇತ್ತು. ಮೊದಲು ತಲೆಗೆ ವಾರಕ್ಕೆ ೧೨ ಔನ್ಸು. ಕೆಲವೇ ತಿಂಗಳಲ್ಲಿ ಅದು ೮ ಔನ್ಸಿಗೆ ಇಳಿಯಿತು. ೮ ಔನ್ಸೆಂದರೆ ಸುಮಾರು ೨೨೭ ಗ್ರಾಂ. ನಮ್ಮ ಹಿರಿಯರ ತೂಕದಲ್ಲಿ ೨೦ ತೊಲಕ್ಕೆ ತುಸು ಕಡಮೆ. ೧೯೪೨ರ ಜುಲೈನಲ್ಲಿ ಮಿಠಾಯಿ, ಚಾಕೊಲೇಟುಗಳಿಗೂ ಚೀಟಿ ಬಂದಿತು. ನಾಲ್ಕು ವಾರಕ್ಕೆ ಬಹುಮಟ್ಟಿಗೆ ೧೨ ಔನ್ಸು.

ಜನ ಹೇಗೆ ಬದುಕಿದರು? ಚಹಕ್ಕೆ ಸ್ಯಾಕರಿನ್ ಗುಳಿಗೆ ಹಾಕಿದರು. ಕಡುಬಿಗೆ ಗಜ್ಜರಿ ತುರಿದು ಸಿಹಿ ಬರಿಸಿದರು. ಗಜ್ಜರಿಯನ್ನು ಹೊಗಳುವ ಚಿತ್ರಗಳನ್ನು ಸರಕಾರವೇ ಅಚ್ಚು ಮಾಡಿಸಿತು. ಹಳ್ಳಿಯ ಮಹಿಳಾ ಸಂಘಗಳು ವಿಶೇಷವಾಗಿ ಪಡೆದ ಸಕ್ಕರೆಯಿಂದ ಊರ ಹಣ್ಣನ್ನೆಲ್ಲ ಮುರಬ್ಬ ಮಾಡಿಟ್ಟುವು. ಗರ್ಭಿಣಿಯರಿಗೆ ಹಸಿರು ರಟ್ಟಿನ ಪಡಿತರ ಪುಸ್ತಕ ಬೇರೆ. ಅವರಿಗೂ ಎಳೆಯ ಮಕ್ಕಳಿಗೂ ಹಾಲು, ಕಿತ್ತಲೆ ರಸ, ಮೀನೆಣ್ಣೆ ದೊರೆಯುವ ಏರ್ಪಾಡಿದ್ದಿತು. ಸಕ್ಕರೆ ಮಾತ್ರ ಅಳತೆ ಮೀರಿ ಸಿಕ್ಕುತ್ತಿರಲಿಲ್ಲ. ಯುದ್ಧ ೧೯೪೫ರಲ್ಲಿ ಮುಗಿದರೂ ಪಡಿತರ ಮುಗಿಯಲಿಲ್ಲ. ೧೯೪೯ರ ಏಪ್ರಿಲ್‌ನಲ್ಲಿ ಮಿಠಾಯಿಯ ಕಟ್ಟನ್ನು ಸಡಿಲಿಸಿ ನೋಡಿದರು. ಜನ ಅಂಗಡಿಗಳಿಗೆ ನುಗ್ಗಿದ ರಭಸಕ್ಕೆ ದಾಸ್ತಾನು ಸಾಲದೆ ಹೋಗಿ, ಆಗಸ್ಟಿನಲ್ಲಿ ಮತ್ತೆ ಚೀಟಿ ತರಬೇಕಾಯಿತು. ಕೊನೆಗೆ ೧೯೫೩ರ ಫೆಬ್ರವರಿಯಲ್ಲಿ ಮಿಠಾಯಿಗೂ, ಸೆಪ್ಟೆಂಬರಿನಲ್ಲಿ ಸಕ್ಕರೆಗೂ ಬಿಡುಗಡೆ ದೊರೆಯಿತು. ದಿನಕ್ಕೆ ತಲೆಗೆ ೪೦ ಗ್ರಾಂ ಸುಮಾರಿನಲ್ಲಿದ್ದ ಖರ್ಚು ಬಹು ಬೇಗನೆ ೮೦ ಗ್ರಾಂ ಸುಮಾರಿಗೆ ಏರಿತು.

ನಮ್ಮಲ್ಲಿಯೂ ಪಡಿತರ ಚೀಟಿ ಹಿಡಿದು ಸಕ್ಕರೆಗಾಗಿ ಸಾಲು ನಿಂತ ಕಾಲವನ್ನು ಹಿರಿಯರು ನೆನೆಯುತ್ತಾರೆ. ಅದನ್ನು ಕಷ್ಟದ ಕಾಲವೆಂದೇ ನೆನೆಯುವುದು. ಇಂಗ್ಲೆಂಡಿನವರು ನೆನೆದುದೂ ಹಾಗೆಯೇ. ಆ ಕಷ್ಟದ ಹೊಟ್ಟೆಯಲ್ಲಿ ಒಂದು ಉಪಕಾರ ಅಡಗಿತ್ತೆಂಬುದು ಆಗ ಯಾರಿಗೆ ತಾನೆ ತೋರೀತು?

ಮೊದಲು ತೋರಿದುದು ಹಲ್ಲಿನಲ್ಲಿ. ಯುದ್ಧಕಾಲದಲ್ಲಿ ಸಕ್ಕರೆ ಸಿಕ್ಕದೆ ಹೋದ ನಾರ್ವೆ ದೇಶದಲ್ಲಿ ಶಾಲೆಯ ಮಕ್ಕಳ ಹಲ್ಲುಗಳನ್ನು ಪರೀಕ್ಷಿಸುತ್ತ ಬಂದ ವೈದ್ಯರು ಹುಳುಕು ಕಡಮೆಯಾದುದನ್ನು ಕಂಡರು. ಜಪಾನಿನಲ್ಲಿಯೂ ಹಾಗೆಯೇ. ಯುದ್ಧಕ್ಕೆ ಮೊದಲು ವರ್ಷಕ್ಕೆ ತಲೆಗೆ ೧೫ ಕಿಲೋ ಇದ್ದ ಸಕ್ಕರೆ ೧೯೪೬ರಲ್ಲಿ ಕಾಲು ಕಿಲೋಗೂ ಕಡಮೆಯಾಯಿತು. ಮಕ್ಕಳ ಹಲ್ಲಿನ ಹುಳುಕೂ ಇಳಿಯಿತು. ಸಕ್ಕರೆ ಮರಳಿ ಬಂದಾಗ ಹುಳುಕೂ ಮರಳಿತು. ಬಾಯಿಯೊಳಗಿನ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ, ಆ ಹುಳಿ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಕಾರಣವೂ ಕಾರ್ಯವೂ ಇಲ್ಲಿ ಹತ್ತಿರ ಹತ್ತಿರವಾಗಿ ಕಾಣುತ್ತವೆ.

ಎರಡನೆಯ ಫಲ ಕಾಣಲು ಎಪ್ಪತ್ತು ವರ್ಷ ಬೇಕಾಯಿತು. ೨೦೨೪ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತದೇಯಾ ಗ್ರಾಚ್ನರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರ ಯುಕ್ತಿ ಬಹಳ ಸರಳವಾದುದು. ೧೯೫೩ರ ಸೆಪ್ಟೆಂಬರಿಗೆ ಸ್ವಲ್ಪ ಮೊದಲು ಗರ್ಭದಲ್ಲಿದ್ದವರು, ಕೂಸಾಗಿದ್ದವರು ಒಂದು ಕಡೆ. ಆಮೇಲೆ ಗರ್ಭಕ್ಕೆ ಬಂದವರು ಇನ್ನೊಂದು ಕಡೆ. ದೇಶ ಒಂದೇ, ಕಾಲ ಹೆಚ್ಚುಕಡಮೆ ಒಂದೇ. ಮೊದಲ ಸಾವಿರ ದಿನಗಳಲ್ಲಿ ದೊರೆತ ಸಕ್ಕರೆ ಮಾತ್ರ ಬೇರೆ. ಸಾವಿರ ದಿನವೆಂದರೆ ಗರ್ಭ ನಿಂತಂದಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ. ೧೯೫೧ರ ಅಕ್ಟೋಬರಿನಿಂದ ೧೯೫೬ರ ಮಾರ್ಚಿಯವರೆಗೆ ಹುಟ್ಟಿದ ೬೦,೦೦೦ಕ್ಕೂ ಹೆಚ್ಚು ಮಂದಿಯ ಆರೋಗ್ಯದ ದಾಖಲೆಗಳನ್ನು ಅವರು ತಾಳೆ ನೋಡಿದರು. ಎಳವೆಯಲ್ಲಿ ಪಡಿತರದ ಕಟ್ಟಿಗೆ ಒಳಗಾಗಿದ್ದವರಿಗೆ, ದೊಡ್ಡವರಾದ ಮೇಲೆ ಬರುವ ಮಧುಮೇಹದ ಅಪಾಯ ಸುಮಾರು ನೂರಕ್ಕೆ ೩೫ರಷ್ಟು, ರಕ್ತದ ಒತ್ತಡದ ಅಪಾಯ ಸುಮಾರು ನೂರಕ್ಕೆ ೨೦ರಷ್ಟು ಕಡಮೆಯಾಗಿದ್ದಿತು. ರೋಗ ಬಂದವರಿಗೂ ಮಧುಮೇಹ ೪ ವರ್ಷ, ರಕ್ತದ ಒತ್ತಡ ೨ ವರ್ಷ ತಡವಾಗಿ ಬಂದಿತು. ಈ ರಕ್ಷಣೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗರ್ಭದಲ್ಲಿದ್ದಾಗಲೇ ದೊರೆತಿತ್ತು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಪಡಿತರದಲ್ಲಿ ಬೇರೆ ಆಹಾರವೂ ಇತ್ತಲ್ಲ, ಅವುಗಳಿಂದ ಹೀಗಾಗಿರಬಾರದೇಕೆ? ನ್ಯಾಯವಾದ ಪ್ರಶ್ನೆ. ಬೆಣ್ಣೆಗೂ ಮಾಂಸಕ್ಕೂ ಬಿಡುಗಡೆ ದೊರೆತುದು ಮರುವರ್ಷ, ೧೯೫೪ರಲ್ಲಿ. ಸಕ್ಕರೆಯಂತೆ ಬೇರಾವುದರ ಖರ್ಚೂ ಥಟ್ಟನೆ ಇಮ್ಮಡಿಯಾಗಲಿಲ್ಲ. ಆದುದರಿಂದಲೇ ಸಕ್ಕರೆಯತ್ತ ಬೆರಳು ತೋರಿಸುತ್ತಾರೆ. ಇದು ಹಳೆಯ ದಾಖಲೆಗಳಿಂದ ಮಾಡಿದ ಅನುಮಾನ, ಪ್ರತ್ಯಕ್ಷ ಪ್ರಮಾಣವಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ಆದರೆ ತರ್ಕಶಾಸ್ತ್ರದಲ್ಲಿ ಅನುಮಾನವೂ ಒಂದು ಪ್ರಮಾಣವೇ ಅಲ್ಲವೆ? ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದು ಹಾಗೆಯೇ.

ಇನ್ನೊಂದು ವಿಷಯವನ್ನೂ ಗಮನಿಸಿರಿ. ಆ ತಾಯಂದಿರು ಉಪವಾಸ ಮಾಡಿದವರಲ್ಲ, ಸಕ್ಕರೆಯನ್ನು ಪೂರ್ತಿ ಬಿಟ್ಟವರೂ ಅಲ್ಲ. ದಿನಕ್ಕೆ ೪೦ ಗ್ರಾಂ ಎಂಬುದು ಇಂದಿನ ವೈದ್ಯಶಾಸ್ತ್ರ ಒಪ್ಪುವ ಪ್ರಮಾಣಕ್ಕೆ ಹತ್ತಿರವೇ. ಬೆರಸಿದ ಸಕ್ಕರೆಯಿಂದ ಬರುವ ಶಕ್ತಿ ಒಟ್ಟು ಆಹಾರದ ಹತ್ತನೆಯ ಒಂದು ಪಾಲನ್ನು ಮೀರಬಾರದು, ಇಪ್ಪತ್ತನೆಯ ಒಂದು ಪಾಲಿಗೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿತು. ಇಪ್ಪತ್ತನೆಯ ಒಂದು ಪಾಲೆಂದರೆ ದಿನಕ್ಕೆ ಸುಮಾರು ೨೫ ಗ್ರಾಂ, ಆರು ಸಣ್ಣ ಚಮಚ. “ನಮ್ಮ ಮನೆಯಲ್ಲಿ ಸಕ್ಕರೆಯಿಲ್ಲ, ಬರಿಯ ಬೆಲ್ಲ” ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಅದೇ ಸಕ್ಕರೆ. ಜೇನೂ ಹಣ್ಣಿನ ರಸವೂ ಆ ಲೆಕ್ಕದಲ್ಲಿಯೇ ಸೇರುತ್ತವೆ.

ಎರಡು ಕಥೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಒಂದು ಸಂಗತಿ ತೋರುತ್ತದೆ. ಸಕ್ಕರೆಯನ್ನು ಕಡಮೆ ಮಾಡಿದುದರ ದೊಡ್ಡ ಫಲ ಎರಡು ಸಲವೂ ಕಡಮೆ ಮಾಡಿದವರಿಗಿಂತ ಹೆಚ್ಚಾಗಿ ಬೇರೆಯವರಿಗೆ ಸಂದಿತು. ೧೭೯೧ರಲ್ಲಿ ಬಿಟ್ಟವರು ಇಂಗ್ಲೆಂಡಿನ ಗೃಹಿಣಿಯರು; ಅವರು ಎಂದೂ ನೋಡದ ದ್ವೀಪದ ಗುಲಾಮನ ಪರವಾಗಿ ಅದು ಸಾಕ್ಷಿ ನುಡಿಯಿತು. ೧೯೫೩ಕ್ಕೆ ಮೊದಲು ಗೊಣಗುತ್ತಲೇ ಸಕ್ಕರೆಯಿಲ್ಲದ ಚಹಾ ಕುಡಿದವರು ತಾಯಂದಿರು. ಅದರ ಲಾಭವನ್ನು ಐವತ್ತು ಅರುವತ್ತು ವರ್ಷಗಳ ಮೇಲೆ ಪಡೆದವರು ಅವರ ಮಕ್ಕಳು. ಎರಡು ಸಲವೂ ಕಟ್ಟು ಸಡಿಲಿದೊಡನೆ ನಾಲಗೆ ಹಳೆಯ ದಾರಿಗೇ ಹೊರಳಿತು. ಇದೂ ನಾವು ಕಲಿಯಬೇಕಾದ ಪಾಠ.

ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತಿಳಿಸಿತು. ಆ ಹತ್ತು ಕೋಟಿಯಲ್ಲಿ ನಾನೂ ಒಬ್ಬ. ನಾನು ಕಾಫಿಗೆ ಸಕ್ಕರೆ ಬಿಟ್ಟುದು ಬೆಂಕಿ ಹತ್ತಿದ ಮೇಲೆ ಬಾವಿ ತೋಡಿದಂತೆ. ಆದರೂ ನೀರು ಸಿಕ್ಕಿದಷ್ಟು ಲಾಭವೇ. ಈಗ ನನ್ನ ಮಗಳು ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ಬಸುರಿಯ ಬಯಕೆಯನ್ನು ತೀರಿಸಬೇಕೆಂದು ಅವಳ ತಾಯಿ ಮೊದಲ ವಾರ ಹೋಳಿಗೆ, ಕೊಬ್ಬರಿ ಮಿಠಾಯಿ, ಹಾಲಿಗೆ ಎರಡೆರಡು ಚಮಚ ಸಕ್ಕರೆ, ಯಾವುದನ್ನೂ ಬಿಡಲಿಲ್ಲ. ನಾನು ಈ ಕಥೆಯನ್ನು ಅವರಿಬ್ಬರಿಗೂ ಹೇಳಿದೆ. ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹಬ್ಬದ ದಿನ ಪಾಯಸ ಮಾಡುವುದೂ ಬೇಡವೆ?” ಎಂದು ಕೇಳಿದಳು. ಬೇಡವೆಂದು ನಾನು ಹೇಳಲಿಲ್ಲ. ಹಬ್ಬದ ಸಿಹಿ ಹಬ್ಬಕ್ಕಿರಲಿ. ದಿನದಿನದ ಹಾಲಿಗೂ ಕಾಫಿಗೂ ಅದು ಬೇಡ, ಎಂದೆ. ಹುಟ್ಟುವ ಮಗುವಿಗೆ ಎರಡು ವರ್ಷ ತುಂಬುವವರೆಗೆ ಅದರ ಊಟಕ್ಕೆ ಸಕ್ಕರೆ ಬೆರಸಬಾರದೆಂದು ವೈದ್ಯರೂ ಹೇಳಿದರು. ನಾಲಗೆಗೆ ಜೇನು ಮುಟ್ಟಿಸುವ ಹಳೆಯ ವಾಡಿಕೆಯನ್ನೂ ವರ್ಷ ತುಂಬುವ ಮೊದಲು ಮಾಡಬೇಡಿ, ಅದರಿಂದ ಕೂಸಿಗೆ ಅಪಾಯವುಂಟೆಂದು ಎಚ್ಚರಿಸಿದರು.

ಇಂಗ್ಲೆಂಡಿನಲ್ಲಿ ಇದನ್ನು ಪಡಿತರ ಪುಸ್ತಕ ಮಾಡಿಸಿತು. ನಮ್ಮ ಮನೆಯಲ್ಲಿ ಅಂಥ ಪುಸ್ತಕವಿಲ್ಲ, ಡಬ್ಬಿಯೊಳಗೆ ಒಂದು ಚಮಚವಿದೆ. ಹಿಂದೆ ಇದ್ದುದು ಊಟದ ದೊಡ್ಡ ಚಮಚ. ಮೊನ್ನೆ ನನ್ನ ಹೆಂಡತಿ ಅದನ್ನು ತೆಗೆದು ಔಷಧದ ಅಳತೆಯಷ್ಟು ಸಣ್ಣದೊಂದನ್ನು ಹಾಕಿಟ್ಟಿದ್ದಾಳೆ. ನೀವೂ ನಿಮ್ಮ ಮನೆಯ ಡಬ್ಬಿಯನ್ನು ಒಂದು ಸಲ ತೆರೆದು ನೋಡಿರಿ.